ಕಾಲು ಗಂಟೆಯ ಅಕ್ಕ

ಅಕ್ಕ ನೇರವಾಗಿ ನಡೆದದ್ದನ್ನು ಕಂಡವರಿಲ್ಲ. ಇಪ್ಪತ್ತಮೂರು ವರ್ಷ ಒಂದೇ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ, ಆಳೆತ್ತರದ ಫ್ರಿಜ್ಜಿಗೂ ಕಲ್ಲಿನ ಮೇಜಿಗೂ ನಡುವಿನ ಎರಡು ಗೇಣಿನ ಸಂದಿಯಲ್ಲಿ ಓಡಾಡಿ ಓಡಾಡಿ, ಅವರ ದೇಹ ಆ ಸಂದಿಯನ್ನೇ ಪ್ರಪಂಚದ ಅಗಲವೆಂದು ನಂಬಿಬಿಟ್ಟಿತ್ತು. ಹಾಗಾಗಿ ವಿಶಾಲವಾದ ಬೀದಿಯಲ್ಲಿ, ಎದುರಿಗೆ ಒಂದು ನರಪಿಳ್ಳೆ ಇಲ್ಲದಿದ್ದರೂ, ಬಲಭುಜವನ್ನು ಮುಂದೆ ಮಾಡಿ, ಹೊಟ್ಟೆಯನ್ನು ಒಳಗೆಳೆದುಕೊಂಡು, ಯಾರೋ ಬಿಸಿ ಬಾಣಲೆ ಹಿಡಿದು ಪಕ್ಕದಲ್ಲೇ ಹಾದುಹೋಗುತ್ತಿದ್ದಾರೇನೋ ಎಂಬ ಎಚ್ಚರದಲ್ಲಿ, ಅಡ್ಡಡ್ಡವಾಗಿಯೇ ಸಾಗುತ್ತಿದ್ದರು. ಸಪ್ಲೈಯರುಗಳು ಇದನ್ನು ಏಡಿನಡಿಗೆ ಎಂದು ಕರೆದು ಬೆನ್ನ ಹಿಂದೆ ನಗುತ್ತಿದ್ದರು. ಎದುರಿಗೆ ನಗುವ ಎದೆ ಯಾರಿಗೂ ಇರಲಿಲ್ಲ. ನಡಿಗೆ ಎಷ್ಟೇ ಅಡ್ಡವಾಗಿದ್ದರೂ ಅಕ್ಕನ ಕೋಪ ಮಾತ್ರ ನೇರವಾಗಿ ಬರುತ್ತಿತ್ತು.

ಆ ಕೋಪಕ್ಕೆ ನಿಶ್ಚಿತವಾದ ಒಂದು ಮಾತಿತ್ತು: "ನ್ಯಾಯವಾ ಇದು?" ಈರುಳ್ಳಿ ಕೊಳೆತು ಬಂದರೆ ನ್ಯಾಯವಾ ಇದು, ಬಸ್ಸು ನಿಲ್ದಾಣ ಬಿಟ್ಟು ಹತ್ತು ಮಾರು ಮುಂದೆ ಹೋಗಿ ನಿಂತರೆ ನ್ಯಾಯವಾ ಇದು, ಪಕ್ಕದ ಮನೆಯವರು ಉರಿಬಿಸಿಲಿನಲ್ಲಿ ಗುಲಾಬಿ ಗಿಡಕ್ಕೆ ನೀರು ಸುರಿದರೂ ನ್ಯಾಯವಾ ಇದು. ಪ್ರಶ್ನೆ ಕೇಳಿ ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದರು. ತಪ್ಪು ಮಾಡದವರೂ ಆ ಕಣ್ಣಿನ ಮುಂದೆ ಕಟಕಟೆಯಲ್ಲಿ ನಿಂತವರ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಮೈಮೇಲೆ ಸದಾ ಒಂದು ಬಿಳಿ ಕೋಟು. ಅಡುಗೆಯವರಿಗೆಲ್ಲ ವರ್ಷಕ್ಕೊಂದು ಹೊಸ ಕೋಟು ಕೊಡುವ ಪದ್ಧತಿ ಅಲ್ಲಿತ್ತಾದರೂ ಅಕ್ಕ ಹಳೆಯದನ್ನು ಬಿಟ್ಟುಕೊಟ್ಟವರಲ್ಲ. ಅದರ ತೋಳುಗಳನ್ನು ಮೊಣಕೈವರೆಗೆ ತಾವೇ ಕತ್ತರಿಸಿದ್ದರು. ಗುಂಡಿಗಳು ಒಂದೊಂದೂ ಒಂದೊಂದು ಬಣ್ಣದವು. ಎಡಜೇಬು ಹರಳುಪ್ಪು ತುಂಬಿ ತುಂಬಿ ರಟ್ಟಿನಂತೆ ಬಿರುಸಾಗಿತ್ತು, ಬಲಜೇಬಿನಲ್ಲಿ ಪಟ್ಟಿ ಇಲ್ಲದ ಒಂದು ಕೈಗಡಿಯಾರ. ಈ ಉಪ್ಪು ಮತ್ತು ಈ ಗಡಿಯಾರ, ಇವೆರಡೇ ಅವರ ಆಯುಧಗಳು. ಇವೆರಡರ ಸಲುವಾಗಿಯೇ ಅವರು ಎಲ್ಲವನ್ನೂ ಕಳೆದುಕೊಂಡರು. ಕಳೆದುಕೊಳ್ಳುವಂತೆ ಮಾಡಿದವರು ಯಾರು ಎನ್ನುವುದನ್ನು ಹೇಳದೆ ನನಗೂ ವಿಧಿಯಿಲ್ಲ.

ಅಡುಗೆಮನೆಯಲ್ಲಿ ಅವರ ಪಾಲಿನದು ಕಿಟಕಿಯ ಪಕ್ಕದ ತಣ್ಣನೆಯ ಮೇಜು, ಅಂದರೆ ಒಲೆಯ ಸಂಬಂಧವಿಲ್ಲದ ಸಲಾಡು, ಹಣ್ಣು, ಬೆಣ್ಣೆಗಳ ಜಾಗ. ಬೆಂಕಿಯ ಮುಂದೆ ನಿಲ್ಲುವವರು ಈ ಮೇಜಿನವರನ್ನು ಅಡುಗೆಯವರೆಂದೇ ಒಪ್ಪುವುದಿಲ್ಲ. ಅಕ್ಕನಿಗಿಂತ ಮುಂಚೆ ಅಲ್ಲಿದ್ದವನು ಇಟಲಿಯಿಂದ ಬಂದ ಒಬ್ಬ ಮುದುಕ. ಅವನ ಭಾಷೆ ಇವರಿಗೆ ಬಾರದು, ಇವರ ಭಾಷೆ ಅವನಿಗೆ ಬಾರದು. ತಪ್ಪು ಮಾಡಿದಾಗ ಅವನು ಇವರ ಮಣಿಕಟ್ಟಿನ ಮೇಲೆ ಚಮಚದಿಂದ ಟಕ್ಕೆಂದು ಹೊಡೆಯುತ್ತಿದ್ದ, ಸರಿ ಮಾಡಿದಾಗ ಸುಮ್ಮನಿರುತ್ತಿದ್ದ. ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಚಮಚ ಸುಮ್ಮನಾಯಿತು. ಟೊಮೆಟೊಗೆ ಉಪ್ಪು ಹಾಕಿ, ಬೋಗುಣಿಯ ಮೇಲೆ ತಟ್ಟೆ ಮುಚ್ಚಿ, ಮುದುಕ ಕಟ್ಟಡಕ್ಕೆ ಒಂದು ಸುತ್ತು ಹಾಕಿ ಬರುತ್ತಿದ್ದನಂತೆ. ಅವನ ಮಂಡಿನೋವಿನ ನಡಿಗೆಗೆ ಆ ಒಂದು ಸುತ್ತು ಸರಿಯಾಗಿ ಕಾಲು ಗಂಟೆ ಹಿಡಿಯುತ್ತಿತ್ತು. ಊರಿಗೆ ಮರಳುವಾಗ ತನ್ನ ಗಡಿಯಾರವನ್ನು ಅಕ್ಕನ ಕೈಯಲ್ಲಿಟ್ಟು, ಮಣಿಕಟ್ಟಿಗೆ ಕೊನೆಯ ಸಲ, ಹಗುರವಾಗಿ, ಒಂದು ಏಟು ಕೊಟ್ಟು ಹೋದ. ಅಂದಿನಿಂದ ಮುಚ್ಚಿದ ತಟ್ಟೆಯ ಮೇಲೆ ಆ ಗಡಿಯಾರ ಕೂತಿತು.

ಆ ಟೊಮೆಟೊ ಸಲಾಡೆಂದರೆ ಮಹಾ ಸಂಗತಿಯೇನಲ್ಲ, ಬೇಸಿಗೆಯಲ್ಲಿ ಒಲೆ ಹಚ್ಚಲು ಬೇಸರಪಟ್ಟವರು ಕಂಡುಕೊಂಡ ಉಪಾಯ. ಟೊಮೆಟೊ, ಒಣಗಿದ ಬ್ರೆಡ್ಡು, ಈರುಳ್ಳಿ, ಆಲಿವ್ ಎಣ್ಣೆ, ನಾಲ್ಕು ಹನಿ ವಿನೆಗರ್, ನಮ್ಮ ಕಾಮಕಸ್ತೂರಿಯ ಕುಲದ್ದೇ ಆದ ಬೇಸಿಲ್ ಎಂಬ ಸೊಪ್ಪು. ಆದರೆ ಅಕ್ಕ ಅದನ್ನು ಮಾಡುವುದನ್ನು ನೋಡಬೇಕಿತ್ತು. ಕಿಟಕಿಯ ಕಟ್ಟೆಯ ಮೇಲೆ ತೊಟ್ಟು ಕೆಳಗಾಗಿ ಸಾಲುಗಟ್ಟಿ ಕೂತ ಹಣ್ಣುಗಳನ್ನು ಒಂದೊಂದಾಗಿ ಎತ್ತಿ, ತೊಟ್ಟಿನ ಬಳಿ ಹೆಬ್ಬೆರಳಿಟ್ಟು, ಮೂಗಿಗೆ ಹಿಡಿದು, ಇವತ್ತಿನದು ಇವತ್ತಿಗೆ ನಾಳೆಯದು ನಾಳೆಗೆ ಎಂದು ವಿಂಗಡಿಸಿ, ಬ್ರೆಡ್ಡಿನ ಗರಗಸದ ಚಾಕುವಿನಿಂದ ಒಂದು ತುಂಡಿನಂತೆ ಇನ್ನೊಂದಿಲ್ಲದ ಹಾಗೆ ಕೊಯ್ದು, ಎಡಜೇಬಿನಿಂದ ಉಪ್ಪು ತೆಗೆದು ಎತ್ತರದಿಂದ ಉದುರಿಸಿ, ತಟ್ಟೆ ಮುಚ್ಚಿ, ಮೇಲೆ ಗಡಿಯಾರವಿಟ್ಟು ಬೆನ್ನು ತಿರುಗಿಸಿಬಿಡುತ್ತಿದ್ದರು. ಇಣುಕುವಂತಿಲ್ಲ, ಅಲುಗಿಸುವಂತಿಲ್ಲ. ಆ ಕಾಲು ಗಂಟೆಯಲ್ಲಿ ಉಪ್ಪು ಹಣ್ಣಿನೊಳಗಿನ ನೀರನ್ನು ಹೊರಗೆ ಕರೆದು ತಳದಲ್ಲಿ ನಿಲ್ಲಿಸುತ್ತಿತ್ತು. ಹರಿದ ಬ್ರೆಡ್ಡು ಆ ರಸವನ್ನು ಕುಡಿದು ಮೆತ್ತಗಾಗುತ್ತಿತ್ತು. ಕಟ್ಟಕಡೆಗೆ, ತಟ್ಟೆ ಅಡುಗೆಮನೆಯ ಗವಾಕ್ಷಿಯಿಂದ ಹೊರಕ್ಕೆ ದಾಟುವ ಕ್ಷಣದಲ್ಲಿ, ಬೇಸಿಲ್ ಎಲೆಗಳನ್ನು ಬೆರಳಿನಿಂದ ಹರಿದು ಉದುರಿಸುತ್ತಿದ್ದರು. ಚಾಕು ಮುಟ್ಟಿಸಿದರೆ ಎಲೆ ಕಪ್ಪಾಗುತ್ತದೆ. ಆಗ ನ್ಯಾಯವಾ ಇದು.

ಹೀಗಾಗಿ ಅವರಿಗೆ ಕಾಲು ಗಂಟೆಯ ಅಕ್ಕ ಎಂದೇ ಹೆಸರು. ಬೇಸಿಗೆ ಮುಗಿದು ಹಣ್ಣಿನ ಪರಿಮಳ ಹೋದೊಡನೆ, ಯಾರನ್ನೂ ಕೇಳದೆ, ಬಾಗಿಲ ಬಳಿಯ ಹಲಗೆಯಿಂದ ಸಲಾಡಿನ ಹೆಸರನ್ನು ಕೋಟಿನ ಅಂಚಿನಿಂದಲೇ ಒರೆಸಿಬಿಡುತ್ತಿದ್ದರು. ಯಾಕಕ್ಕ ಇವತ್ತಿಲ್ವಾ ಎಂದರೆ "ಟೊಮೆಟೊ ಸತ್ತಿದೆ" ಎಂಬ ಒಂದೇ ಉತ್ತರ. ಫ್ರಿಜ್ಜಿನ ಮೇಲಂತೂ ಅವರಿಗೆ ಹುಟ್ಟಾ ದ್ವೇಷ. ಒಮ್ಮೆ ಮನೆಯಲ್ಲಿ ತಂಗಿ ಮರೆತು ನಾಲ್ಕು ಟೊಮೆಟೊಗಳನ್ನು ಫ್ರಿಜ್ಜಿನಲ್ಲಿಟ್ಟರಂತೆ. ಅಕ್ಕ ಎರಡು ದಿನ ತಂಗಿಯೊಂದಿಗೆ ಮಾತು ಬಿಟ್ಟರು. ಬಿಟ್ಟರೆ ಬಿಡಲಿ, ಮೂರನೆಯ ದಿನ ಫ್ರಿಜ್ಜಿನ ಬಾಗಿಲು ತೆಗೆದು, ಅದರೊಳಕ್ಕೆ ಮುಖವಿಟ್ಟು, ಅದನ್ನೇ ಬೈದರಂತೆ. "ನನಗೆ ಬೈದಿದ್ರೆ ಸಮಾಧಾನ ಆಗ್ತಿತ್ತು. ಫ್ರಿಜ್ಜಿಗೆ ಬೈದು ಬೈದು ಕರೆಂಟ್ ಬಿಲ್ ಏರಿಸಿದ್ಲು" ಎಂದು ತಂಗಿ ಇವತ್ತಿಗೂ ನಗುತ್ತಾರೆ.

ಇನ್ನು ನನ್ನ ವಿಷಯ. ನಾನು ಆ ರೆಸ್ಟೋರೆಂಟಿನ ಎದುರಿನ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಪರರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಗುರುವಾರ ಮಧ್ಯಾಹ್ನ ಗವಾಕ್ಷಿಯ ಪಕ್ಕದ ಮೇಜು ನನ್ನದು, ಹನ್ನೊಂದು ವರ್ಷದಿಂದ. ಕಾಲು ಗಂಟೆ ಕಾಯುವ ಗಿರಾಕಿಗಳಲ್ಲಿ ನಾನು ಅಗ್ರಗಣ್ಯನೆಂಬ ಹಮ್ಮು ಬೇರೆ. ಕಾಯುವುದು ನನಗೆ ಕಷ್ಟವೇ ಆಗಿರಲಿಲ್ಲ. ಕಾಗದದ ಕಟ್ಟು ಬಿಡಿಸಿ ಓದುತ್ತ ಕೂರುತ್ತಿದ್ದೆ, ತಟ್ಟೆ ಬಂದಮೇಲೂ ಓದುತ್ತಿದ್ದೆ. ಅಕ್ಕ ಗವಾಕ್ಷಿಯಿಂದ ತಲೆ ಹೊರಹಾಕಿ ಗದರುತ್ತಿದ್ದರು.

"ಪ್ರೂಫ್ ಸಾರ್, ಓದ್ತಾ ತಿಂದ್ರೆ ಅದು ತಿಂದ ಹಾಗಲ್ಲ. ಮಡಚಿಡಿ ಅದನ್ನ."

"ಆಯ್ತಕ್ಕ, ಮಡಚಿದೆ."

ಮಡಚುತ್ತಿದ್ದೆ. ಅವರ ತಲೆ ಒಳಗೆ ಹೋದೊಡನೆ ಮತ್ತೆ ಬಿಡಿಸುತ್ತಿದ್ದೆ. ಹನ್ನೊಂದು ವರ್ಷ ನಡೆದ ಈ ಆಟವನ್ನು ನಾನು ಸಲಿಗೆಯೆಂದುಕೊಂಡಿದ್ದೆ.

ಹನ್ನೊಂದನೆಯ ವರ್ಷದ ಬೇಸಿಗೆಯ ಹೊತ್ತಿಗೆ ಮಾಲೀಕರು ಹಾಸಿಗೆ ಹಿಡಿದು, ಅವರ ಅಳಿಯ ವ್ಯವಹಾರಕ್ಕೆ ಬಂದ. ಕೆಟ್ಟವನೇನಲ್ಲ, ನಗುಮೊಗದವ, ಎಲ್ಲರನ್ನೂ ಬಹುವಚನದಲ್ಲಿ ಮಾತನಾಡಿಸುವವ. ಬಂದ ತಿಂಗಳೊಳಗೆ ಅಡುಗೆಮನೆಯ ಪ್ರತಿ ಮೇಜಿನ ಮೇಲಿನ ಗೋಡೆಗೂ ಒಂದು ಕೆಂಪು ದೀಪ ಕೂರಿಸಿದ. ಸಪ್ಲೈಯರ್ ಆರ್ಡರ್ ಒತ್ತಿದ ಆರು ನಿಮಿಷಕ್ಕೆ ತಟ್ಟೆ ಹೊರಡದಿದ್ದರೆ ದೀಪ ಹತ್ತಿ ಕಿರುಗುಟ್ಟುತ್ತಿತ್ತು. ಅಕ್ಕನ ದೀಪ ಬೆಳಿಗ್ಗೆ ಹತ್ತಿದರೆ ಸಂಜೆಗೇ ಆರುತ್ತಿತ್ತು. ಎರಡು ದಿನ ನೋಡಿದರು, ಮೂರನೆಯ ದಿನ ಕೋಟು ಬಿಚ್ಚಿ ಅದರ ಮೇಲೆ ಹೊದಿಸಿದರು. ಅಳಿಯ ಬಂದು ಕೋಟು ತೆಗೆದು, ಮಡಚಿ, ನಗುತ್ತಲೇ ಅಕ್ಕನ ಕೈಗೆ ಕೊಟ್ಟ. ಮರುದಿನ ಮತ್ತೆ ಕೋಟು, ಮತ್ತೆ ನಗು. ಮನುಷ್ಯನ ಕೆಲಸಕ್ಕೆ ಬೇಕಾದ ಹೊತ್ತು ಎಷ್ಟೆಂದು ಆ ಕೆಲಸ ಮಾಡುವವರನ್ನು ಕೇಳದೆ ಗೋಡೆಯ ಮೇಲಿನ ಬಲ್ಬನ್ನು ಕೇಳುವ ಈ ಜಾಣತನವನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಕೊನೆಗೆ ಅಳಿಯ ಒಂದು ತೀರ್ಮಾನ ಹೇಳಿದ. ಟೊಮೆಟೊಗಳನ್ನು ಬೆಳಿಗ್ಗೆಯೇ ಯಂತ್ರದಲ್ಲಿ ಹೆಚ್ಚಿ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಡಬೇಕು, ಬೇಸಿಲ್ಲನ್ನೂ ಹೆಚ್ಚಿಟ್ಟುಕೊಳ್ಳಬೇಕು, ಆರ್ಡರ್ ಬಂದಾಗ ಎಣ್ಣೆ ಉಪ್ಪು ಬೆರೆಸಿ ಕೊಟ್ಟರಾಯಿತು. ಮುಂದೆ ನಡೆದ ಮಾತುಗಳನ್ನು ನನಗೆ ಹೇಳಿದವನು ಅಲ್ಲೇ ನಿಂತಿದ್ದ ಹಿರಿಯ ಸಪ್ಲೈಯರ್, ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದ್ದರಿಂದ ಉದ್ದಣ್ಣ ಎಂದು ಎಲ್ಲರೂ ಕರೆಯುವವನು.

"ತಿನ್ನೋರಿಗೆ ಇದೆಲ್ಲ ಗೊತ್ತಾಗಲ್ಲಮ್ಮ" ಎಂದನಂತೆ ಅಳಿಯ.

"ಗೊತ್ತಾಗತ್ತೆ."

"ಯಾರಿಗೆ? ಒಬ್ಬರನ್ನ ತೋರಿಸಿ ನೋಡೋಣ."

"ಗುರುವಾರ ಬರ್ತಾರಲ್ಲ, ಪ್ರೂಫ್ ಸಾರ್, ಅವರಿಗೆ. ಅವರ ಕಣ್ಣಿಂದ ಒಂದು ಚುಕ್ಕಿ ಜಾರಲ್ಲ. ನಾಲಿಗೆಯಿಂದ ಜಾರತ್ತಾ?"

ಅಳಿಯನಿಗೆ ಇದು ಮೋಜೆನಿಸಿತು. "ಸರಿ ಹಾಗಾದ್ರೆ. ಈ ಗುರುವಾರ ನಾನು ಹೇಳಿದ ಥರ ಮಾಡಿ ಕೊಡಿ. ಮುಂಚೆ ಅವರಿಗೆ ಏನೂ ಹೇಳಬಾರದು. ಏನೋ ವ್ಯತ್ಯಾಸ ಇದೆ ಅಂತ ಅವರು ಒಂದೇ ಒಂದು ಮಾತು ಅಂದ್ರೂ ನಿಮ್ಮ ಕಾಲು ಗಂಟೆ ನಿಮಗೆ, ದೀಪಾನೂ ಕಿತ್ತು ಹಾಕಿಸ್ತೀನಿ. ಅನ್ನಲಿಲ್ಲ ಅಂದ್ರೆ?"

"ಅಂತಾರೆ."

"ಅನ್ನಲಿಲ್ಲ ಅಂದ್ರೆ ಅಂತ ಕೇಳ್ತಿದೀನಿ."

"ಆಗ ನಿಮ್ಮ ಡಬ್ಬಿ ನಿಮ್ಮ ಮೇಜು. ನನ್ನದೇನೂ ಮಾತಿಲ್ಲ."

ಇಪ್ಪತ್ತಮೂರು ವರ್ಷದ ತಮ್ಮ ಜಾಗವನ್ನು, ಕಿಟಕಿಯನ್ನು, ಮುದುಕನ ಗಡಿಯಾರವನ್ನು, ಅಕ್ಕ ಹೀಗೆ ಎರಡನೆಯ ಯೋಚನೆಯಿಲ್ಲದೆ ನನ್ನ ನಾಲಿಗೆಯ ಮೇಲೆ ಇಟ್ಟುಬಿಟ್ಟರು. ಬುಧವಾರ ಸಂಜೆ, ಆಗಾಗ ರೆಸ್ಟೋರೆಂಟಿಗೆ ಬಂದುಹೋಗುತ್ತಿದ್ದ ತಂಗಿ, "ಬೇರೆ ಯಾರೂ ಸಿಗಲಿಲ್ವಾ ನಿನಗೆ? ಆ ಮನುಷ್ಯ ತಟ್ಟೆ ಕಡೆ ನೋಡಿದ್ದು ನಾನಂತೂ ಕಾಣೆ" ಎಂದದ್ದಕ್ಕೆ, "ನೋಡದೆ ಇದ್ರೇನು, ಬಾಯಿಗೆ ಗೊತ್ತಾಗತ್ತೆ" ಎಂದರಂತೆ.

ಇದೊಂದೂ ನನಗೆ ಗೊತ್ತಿರಲಿಲ್ಲ. ಆ ಗುರುವಾರ ನನ್ನ ಕೈಯಲ್ಲಿದ್ದದ್ದು ನೀರಿನ ಕೊಳವೆಗಳನ್ನು ಜೋಡಿಸುವ ವಿಧಾನದ ಮೇಲೆ ಯಾರೋ ಇಂಜಿನಿಯರ್ ಬರೆದ ದಪ್ಪ ಕೈಪಿಡಿಯ ಕರಡು. ತಟ್ಟೆ ಬೇಗನೆ ಬಂತು. ಬೇಗ ಬಂತೆಂದು ನನಗೆ ಹೊಳೆಯಲಿಲ್ಲ. ಗವಾಕ್ಷಿಯಿಂದ ಗದರುವ ತಲೆ ಅಂದು ಹೊರಬರಲಿಲ್ಲ, ಅದೂ ಹೊಳೆಯಲಿಲ್ಲ. ಯಂತ್ರ ಕತ್ತರಿಸಿದ ಟೊಮೆಟೊ ತುಂಡುಗಳು ದಾಳಗಳ ಹಾಗೆ ಸಮನಾಗಿದ್ದವಂತೆ, ಮುಟ್ಟಿದರೆ ಬೆರಳು ಕೊರೆಯುವಷ್ಟು ತಣ್ಣಗಿದ್ದವಂತೆ, ಬ್ರೆಡ್ಡು ಒಣಗಿದ್ದು ಒಣಗಿದಂತೆಯೇ ಇತ್ತಂತೆ, ಬೇಸಿಲ್ಲಿನ ಅಂಚು ಕಪ್ಪಾಗಿತ್ತಂತೆ. ಅಂತೆ ಎನ್ನುತ್ತಿದ್ದೇನೆ, ತಿಂದವನು ನಾನೇ ಆದರೂ ಇದನ್ನೆಲ್ಲ ಉದ್ದಣ್ಣನ ಬಾಯಿಂದ ಕೇಳಿ ತಿಳಿಯಬೇಕಾಯಿತು. ಆ ಮಧ್ಯಾಹ್ನ ನಾನು ಕೊಳವೆಗಳ ಕೈಪಿಡಿಯಲ್ಲಿ ಹದಿನಾಲ್ಕು ತಪ್ಪು ಹಿಡಿದಿದ್ದೆ. ಆ ಖುಷಿಯಲ್ಲಿ ಉಳಿದ ಬ್ರೆಡ್ಡಿನಿಂದ ತಟ್ಟೆಯನ್ನು ಒರೆಸಿ ಬಾಯಿಗಿಟ್ಟುಕೊಂಡು, ಕಾಗದದಿಂದ ಕಣ್ಣೆತ್ತದೆ, "ಉದ್ದಣ್ಣ, ಎಂದಿನ ಹಾಗೇ ಅಮೋಘ ಅಂತ ಅಕ್ಕನಿಗೆ ಹೇಳಪ್ಪ" ಎಂದೆ.

ಉದ್ದಣ್ಣ ಕದಲಲಿಲ್ಲ. ಕಣ್ಣೆತ್ತಿ ನೋಡಿದರೆ ಅವನ ಹಿಂದೆ ಅಳಿಯ ನಗುತ್ತ ನಿಂತಿದ್ದಾನೆ, ಅಡುಗೆಮನೆಯ ಬಾಗಿಲು ತೆಗೆದುಕೊಂಡಿದೆ, ಮೇಜುಗಳ ನಡುವೆ ಬಲಭುಜ ಮುಂದೆ ಮಾಡಿಕೊಂಡು ಅಕ್ಕ ಬರುತ್ತಿದ್ದಾರೆ. ಊಟದ ಹಾಲಿಗೆ ಅವರು ಕಾಲಿಟ್ಟದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬಂದು ಖಾಲಿ ತಟ್ಟೆಯನ್ನು ಕೈಗೆತ್ತಿಕೊಂಡು, ಅದರ ತಳವನ್ನು ನೋಡಿ, ನನ್ನನ್ನು ನೋಡಿದರು.

"ಎಂದಿನ ಹಾಗಾ?"

"ಹೂಂ ಅಕ್ಕ, ಯಾಕೆ? ತುಂಬ ಚೆನ್ನಾಗಿತ್ತು."

"ಹನ್ನೊಂದು ವರ್ಷ ಏನು ತಿಂದ್ರಿ ನೀವು? ಹೇಳಿ. ಏನು ತಿಂದ್ರಿ?"

ಸುತ್ತಲಿನ ಮೇಜುಗಳ ಚಮಚಗಳು ನಿಂತವು. ಅಳಿಯನೇ ಮೃದುವಾಗಿ, "ಅವರಿಗೆ ಚೆನ್ನಾಗಿದೆ ಅಂದಮೇಲೆ ನಿಮ್ಮದೇನಮ್ಮ ತಕರಾರು? ಬಿಡಿ, ಮಾತು ಮುಗೀತಲ್ಲ" ಎಂದ.

"ಮುಗೀತು" ಎಂದರು ಅಕ್ಕ. "ನಾನು ಸೋತೆ. ಸೋತೋಳು ನಿಮ್ಮ ಡಬ್ಬಿ ಮುಂದೆ ನಿಂತ್ಕೊಂಡು ಸತ್ತ ಟೊಮೆಟೊ ಬಡಿಸಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ಮುಖ ಕೆಂಪೇರಿತ್ತು, ಆದರೆ ಧ್ವನಿ ತಗ್ಗಿತ್ತು. "ಕೆಟ್ಟದಾಗಿದೆ ಅಂತ ಅರ್ಧಕ್ಕೆ ಬಿಟ್ಟಿದ್ರೂ ಸಾಕಿತ್ತು ಸಾರ್. ಒರೆಸಿ ತಿಂದಿದೀರಿ. ನ್ಯಾಯವಾ ಇದು?"

ಉತ್ತರಕ್ಕಾಗಿ ಎಂದಿನಂತೆ ಕಾದರು. ನಾನು ಕಾಗದಗಳನ್ನು ಮಡಚಿದೆ. ಅಕ್ಕ ಒಳಗೆ ಹೋಗಿ ಗಡಿಯಾರ ತೆಗೆದುಕೊಂಡು, ಕೋಟನ್ನು ದೀಪದ ಮೇಲೆ ಹೊದಿಸಿ, ಕೆಲಸದವರು ಯಾರೂ ಬಳಸದ ಮುಂಬಾಗಿಲಿನಿಂದ, ಎರಡು ಕದಗಳೂ ಅಗಲವಾಗಿ ತೆರೆದಿದ್ದರೂ, ಅಡ್ಡಡ್ಡವಾಗಿ ದಾಟಿ ಹೊರಟುಹೋದರು. ಅಳಿಯ ತಬ್ಬಿಬ್ಬಾಗಿ "ನಾನೇನು ಹೋಗಿ ಅಂದ್ನಾ?" ಎಂದು ಎಲ್ಲರ ಮುಖ ನೋಡಿದ. ಅವನನ್ನು ಬೈಯಲು ನನ್ನ ನಾಲಿಗೆ ತುರಿಸಿತು. ಆದರೆ ಅವನಿಗೆ ಗೆಲುವನ್ನು ತಟ್ಟೆಯಲ್ಲಿಟ್ಟು ಕೊಟ್ಟವನು ನಾನು.

ಹದಿನೈದು ದಿನ ಮುಖ ತಪ್ಪಿಸಿಕೊಂಡು ತಿರುಗಿ, ಉದ್ದಣ್ಣನ ಮೂಲಕ ಹೇಳಿ ಕಳಿಸಿ, ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಬಾಗಿಲು ತೆಗೆದ ತಂಗಿ, "ಬನ್ನಿ, ಬರ್ತಾರೆ ಅಂತ ಅಕ್ಕ ಅಂದಿದ್ಲು" ಎಂದು ಒಳಗೆ ಕರೆದರು. ಕಿರಿದಾದ ಅಡುಗೆಮನೆ, ಕಿಟಕಿಕಟ್ಟೆಯ ಮೇಲೆ ತೊಟ್ಟು ಕೆಳಗಾದ ಟೊಮೆಟೊಗಳ ಸಾಲು. ಅಕ್ಕ ಕೋಟಿಲ್ಲದೆ ಯಾರೋ ಬೇರೆಯವರಂತೆ ಕಂಡರು. ಕ್ಷಮಿಸಿ ಎಂದು ಬಾಯಿ ತೆರೆದೆ. ಕೈ ಎತ್ತಿ ತಡೆದು ಕುರ್ಚಿ ತೋರಿಸಿದರು. ಮೇಜಿನ ಮೇಲೆ ಆಗಷ್ಟೇ ತಟ್ಟೆ ಮುಚ್ಚಿದ ಎರಡು ಬೋಗುಣಿಗಳು, ಒಂದರ ಮೇಲೆ ಗಡಿಯಾರ. ಕೈಚೀಲದಲ್ಲಿ ಕಾಗದಗಳಿದ್ದವು, ಮುಟ್ಟುವ ಧೈರ್ಯವಾಗಲಿಲ್ಲ. ಹನ್ನೊಂದು ವರ್ಷ ಕಾದಿದ್ದೇನೆಂದು ಬೀಗಿದ್ದ ನಾನು ಕಾಲು ಗಂಟೆ ಎಷ್ಟು ಉದ್ದವಿರುತ್ತದೆಂದು ಮೊದಲ ಸಲ ಕಂಡೆ.

ಗಡಿಯಾರ ಎತ್ತಿಕೊಂಡು, ನನ್ನನ್ನು ಗೋಡೆಯ ಕಡೆ ತಿರುಗಿ ಕೂರಲು ಹೇಳಿ, ಎರಡು ತಟ್ಟೆಗಳಿಗೂ ಬಡಿಸಿದರು.

"ಕಣ್ಣು ಮುಚ್ಕೊಂಡು ತಿನ್ನಿ. ಎರಡರಲ್ಲಿ ಫ್ರಿಜ್ಜಿಂದು ಯಾವುದು ಹೇಳಿ."

ಮೊದಲ ತಟ್ಟೆಯ ಮೊದಲ ತುತ್ತಿಗೇ ತಿಳಿಯಿತು. ತಣ್ಣಗಿರದ ಹಾಗೆ ಅದನ್ನು ಮುಂಚೆಯೇ ಹೊರತೆಗೆದಿಟ್ಟಿದ್ದರು, ತುಂಡುಗಳೂ ಕೈಯಲ್ಲೇ ಕೊಯ್ದವು. ಆದರೂ ಹಿಟ್ಟುಹಿಟ್ಟಾಗಿ, ಸಪ್ಪೆಯಾಗಿ, ಹಣ್ಣಿನ ನೆನಪು ಮಾತ್ರ ಉಳಿದ ಯಾವುದೋ ವಸ್ತುವಿನ ಹಾಗಿತ್ತು. ಎರಡನೆಯದು ಬಾಯಿಗೆ ಬಿದ್ದಾಗ ಅನುಮಾನವೇ ಉಳಿಯಲಿಲ್ಲ. ಬಿಸಿಲು, ಉಪ್ಪು, ರಸ ಕುಡಿದ ಬ್ರೆಡ್ಡು, ಈಗಷ್ಟೇ ಹರಿದ ಎಲೆಯ ಘಾಟು.

"ಮೊದಲನೇದು ಫ್ರಿಜ್ಜಿಂದು ಅಕ್ಕ" ಎಂದೆ. ಪರೀಕ್ಷೆ ಪಾಸಾದವನ ಸಂತೋಷದಿಂದ ಕಣ್ಣು ಬಿಟ್ಟೆ.

ಅಕ್ಕ ಕೆಂಡಾಮಂಡಲವಾಗಿದ್ದರು. ಸೋತ ದಿನವೂ ಅವರಲ್ಲಿ ಆ ಮಟ್ಟದ ಕೋಪ ನಾನು ಕಂಡಿರಲಿಲ್ಲ.

"ಗೊತ್ತಾಗತ್ತೆ! ನಿಮಗೆ ಗೊತ್ತಾಗತ್ತೆ!" ಎಂದು ಮೇಜಿನ ಮೇಲೆ ಗುದ್ದಿದರು. "ಇಷ್ಟು ದಿನದಿಂದ ನಾನು ಏನಂದ್ಕೊಂಡಿದ್ದೆ ಗೊತ್ತಾ? ಪಾಪ, ವಯಸ್ಸಾಯ್ತು, ನಾಲಿಗೆ ಹೋಗಿದೆ, ಅವರೇನು ಮಾಡ್ತಾರೆ ಅಂತ. ನಾಲಿಗೆ ಹೋಗಿದ್ರೆ ಕ್ಷಮಿಸ್ತಿದ್ದೆ ಸಾರ್. ನಾಲಿಗೆ ಇದೆ ನಿಮಗೆ!"

ತಂಗಿ ಒಳಗಿನಿಂದ ಬಂದು ಅಕ್ಕನ ಭುಜ ಹಿಡಿದರು. ಅಕ್ಕ ಕೊಸರಿಕೊಂಡು, ಫ್ರಿಜ್ಜಿನ ತಟ್ಟೆಯನ್ನು ನನ್ನ ಮುಂದಿನಿಂದ ಎಳೆದು ಪಕ್ಕಕ್ಕಿಟ್ಟು, ಇನ್ನೊಂದನ್ನು ನನ್ನತ್ತ ತಳ್ಳಿದರು. "ತಿನ್ನಿ. ಹೊಗಳಬೇಡಿ, ಸುಮ್ಮನೆ ತಿನ್ನಿ." ನಾನು ತಿಂದೆ. ಅವರು ಎದುರಿಗೇ ನಿಂತು, ಕೊನೆಯ ತುತ್ತಿನವರೆಗೆ, ನನ್ನ ಬಾಯನ್ನೇ ನೋಡುತ್ತಿದ್ದರು.

ಇಂಥವರು ಎಲ್ಲ ಕಸುಬುಗಳಲ್ಲಿಯೂ ಒಬ್ಬೊಬ್ಬರು ಇರುತ್ತಾರೆ. ತೊಡುವವರಿಗೂ ಕಾಣದ ಒಳಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕುವ ದರ್ಜಿ, ಸರಿಯಾದ ಒಂದು ತಿರುಪಿಗಾಗಿ ಅಂಗಡಿಯಿಂದಂಗಡಿಗೆ ಅಲೆದು ಗಿರಾಕಿಯಿಂದ ಬೈಸಿಕೊಳ್ಳುವ ರಿಪೇರಿಯವನು, ಕಾಲು ಗಂಟೆ ಬೇಕೇ ಬೇಕೆಂದು ಪಟ್ಟು ಹಿಡಿಯುವ ಅಡುಗೆಯವಳು. ಬೈದರೆ ಅವರು ತಡೆದುಕೊಳ್ಳುತ್ತಾರೆ, ತಿರುಗಿ ಬೈಯುತ್ತಾರೆ, ಮರುದಿನ ಅದೇ ಕೆಲಸಕ್ಕೆ ಹಾಗೆಯೇ ನಿಲ್ಲುತ್ತಾರೆ. ಅವರಿಗೆ ತಡೆಯಲಾಗದ್ದು ಒಂದೇ, ಕೆಟ್ಟುಹೋದ ಕೆಲಸಕ್ಕೆ ಸಿಕ್ಕ ಹೊಗಳಿಕೆ. ಅವರನ್ನು ಹಟಮಾರಿಗಳೆನ್ನುತ್ತೇವೆ, ಮೂಗಿನ ತುದಿಯಲ್ಲೇ ಕೋಪ ಎನ್ನುತ್ತೇವೆ, ಕಾಲಕ್ಕೆ ಹೊಂದಿಕೊಳ್ಳಲಿಲ್ಲವೆಂದು ಮರುಗುವ ನಾಟಕವನ್ನೂ ಆಡುತ್ತೇವೆ. ಅವರು ನಮ್ಮಿಂದ ಕೇಳಿದ್ದು ಬಹಳವೇನಲ್ಲ, ಕೊಟ್ಟದ್ದನ್ನು ತಿನ್ನುವಾಗ ಅಲ್ಲಿ ಇರಿ ಎಂದು ಕೇಳಿದ್ದರು ಅಷ್ಟೇ. ಅಷ್ಟನ್ನೂ ಕೊಡದೆ, ಬಾಯಿತುಂಬ ಹೊಗಳಿ ಹೊಗಳಿ, ಅವರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿರುವವರು ನಾವು.